ಅಸಲಿಗಿಂತ ಕಡಿಮೆ ಬೆಲೆ ಎಲ್ಲಿಂದ ಬರುತ್ತದೆ? ಕೇಂದ್ರ ವಾಣಿಜ್ಯ ಸಚಿವರಿಗೆ ಒಬ್ಬ ಪಾತ್ರೆ ವ್ಯಾಪಾರಿಯ ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಾದ ಶ್ರೀ ಪೀಯೂಷ್ ಗೋಯಲ್ ಅವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾತ್ರೆ ಮತ್ತು ಅಡುಗೆಮನೆ ಸಾಮಾನಿನ ಅಂಗಡಿ ಇಟ್ಟುಕೊಂಡಿರುವವನು. 1978ರಲ್ಲಿ ನಮ್ಮ ತಂದೆಯವರು ಒಂದು ತಕ್ಕಡಿ, ಎರಡು ಮೂಟೆ ಅಲ್ಯೂಮಿನಿಯಂ ಪಾತ್ರೆಯೊಂದಿಗೆ ಆರಂಭಿಸಿದ ಅಂಗಡಿಯಿದು. ಮದುವೆಗೆ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಕೊಡುವುದರಿಂದ ಹಿಡಿದು ಅಡಿಕೆ ಬೇಯಿಸುವ ಹಂಡೆಯವರೆಗೆ, ಕುಕ್ಕರಿನ ಗ್ಯಾಸ್ಕೆಟ್‌ನಿಂದ ಹಿಡಿದು ಮಿಕ್ಸರ್, ಗ್ಯಾಸ್ ಸ್ಟೋವ್‌ವರೆಗೆ ನಮ್ಮಲ್ಲಿ ವ್ಯಾಪಾರ. ತೀರ್ಥಹಳ್ಳಿ, ಹೊಸನಗರ, ಸಾಗರ, ಶಿಕಾರಿಪುರ, ಭದ್ರಾವತಿಯ ಕಡೆಯ ಮನೆಗಳಲ್ಲಿ ನಮ್ಮ ಅಂಗಡಿಯಲ್ಲಿ ಹೆಸರು ಹಾಕಿಸಿದ ಕೊಡಪಾನಗಳು ಇಂದಿಗೂ ನೀರು ತುಂಬಿಕೊಂಡು ನಿಂತಿವೆ. ತಮಗೆ ಕನ್ನಡದಲ್ಲಿ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ನನ್ನ ಲೆಕ್ಕದ ಪುಸ್ತಕಗಳು ಕನ್ನಡದಲ್ಲಿವೆ, ನನ್ನ ಕಷ್ಟ ನನಗೆ ಕನ್ನಡದಲ್ಲೇ ಅರ್ಥವಾಗಿದೆ, ಮತ್ತು ತಮ್ಮ ಜೊತೆಗೆ ಈ ರಾಜ್ಯದ ಗ್ರಾಹಕರೂ ವ್ಯಾಪಾರಿಗಳೂ ಇದನ್ನು ಓದಬೇಕೆಂಬುದು ನನ್ನ ಆಸೆ.

ಮೊದಲಿಗೆ ನಮ್ಮ ಅಂಗಡಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲು ಅನುಮತಿ ಕೊಡಬೇಕು. ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು ಮಗನೊಂದಿಗೆ ಮಿಕ್ಸರ್ ಕೊಳ್ಳಲು ಬಂದಿದ್ದರು. ನಾಲ್ಕು ಕಂಪನಿಗಳ ಮಿಕ್ಸರ್‌ಗಳನ್ನು ಡಬ್ಬದಿಂದ ಹೊರತೆಗೆದು, ಒಂದೊಂದನ್ನೂ ಓಡಿಸಿ ತೋರಿಸಿದೆ. ಯಾವುದರ ಮೋಟಾರು ಬೇಗ ಬಿಸಿಯಾಗುತ್ತದೆ, ಯಾವುದರ ಜಾರಿನಲ್ಲಿ ಕಾಯಿ ನುಣ್ಣಗಾಗುತ್ತದೆ, ಯಾವ ಕಂಪನಿಯ ಸರ್ವಿಸ್ ಶಿವಮೊಗ್ಗದಲ್ಲೇ ಸಿಗುತ್ತದೆ, ಯಾವುದಕ್ಕೆ ಬೆಂಗಳೂರಿಗೆ ಕಳಿಸಬೇಕಾಗುತ್ತದೆ ಎಂಬುದನ್ನೆಲ್ಲ ವಿವರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ತಾಯಿಗೆ ಒಂದು ಒಪ್ಪಿಗೆಯಾಯಿತು. ಅಷ್ಟರಲ್ಲಿ ಮಗ ಡಬ್ಬದ ಮೇಲಿನ ಮಾಡೆಲ್ ನಂಬರನ್ನು ಮೊಬೈಲಿನಲ್ಲಿ ಹೊಡೆದು, ಬಹಳ ಸಂಕೋಚದಿಂದಲೇ, "ಸಾರ್, ಇದೇ ಮಾಡೆಲ್ ಇಲ್ಲಿ 3,499 ರೂಪಾಯಿ ಇದೆ, ನೀವೆಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದ. ನಾನು ಗಲ್ಲಾದ ಕೆಳಗಿನ ಫೈಲು ತೆಗೆದು ಡಿಸ್ಟ್ರಿಬ್ಯೂಟರ್ ಕೊಟ್ಟ ಖರೀದಿ ಬಿಲ್ಲನ್ನೇ ಅವನ ಮುಂದಿಟ್ಟೆ. ತೆರಿಗೆ ಸೇರಿ ನನಗೆ ಬಿದ್ದ ಅಸಲು 3,870 ರೂಪಾಯಿ. ಅವನ ಮೊಬೈಲಿನಲ್ಲಿದ್ದದ್ದೂ ತೆರಿಗೆ ಸೇರಿದ ಬೆಲೆಯೇ. ನಾನು ಒಂದು ರೂಪಾಯಿ ಲಾಭ ಇಟ್ಟುಕೊಳ್ಳದಿದ್ದರೂ 371 ರೂಪಾಯಿ ಕೈಯಿಂದ ಹಾಕಿ ಮಾರಬೇಕಿತ್ತು. ತಾಯಿ ಬಿಲ್ಲನ್ನು ನೋಡಿದರು, ನನ್ನ ಮುಖ ನೋಡಿದರು. ಬರಿಗೈಯಲ್ಲಿ ಮೆಟ್ಟಿಲಿಳಿಯಲು ಮನಸ್ಸಾಗದೆ ಒಂದು ಒಗ್ಗರಣೆ ಸೌಟು ಕೊಂಡು ಹೋದರು.

ನಾಲ್ಕು ತಿಂಗಳಾದ ಮೇಲೆ ಅದೇ ತಾಯಿ ಅದೇ ಮಾಡೆಲಿನ ಜಾರನ್ನು ಚೀಲದಲ್ಲಿಟ್ಟುಕೊಂಡು ಬಂದರು. ಜಾರಿನ ಕಪ್ಲರ್ ಸವೆದಿತ್ತು. ಬದಲಾಯಿಸಿಕೊಟ್ಟೆ. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಮುನ್ನೂರೈವತ್ತು ನಾನೂರು ರೂಪಾಯಿ ಉಳಿಸಿಕೊಳ್ಳುವ ಹಕ್ಕು ಯಾವ ಗೃಹಿಣಿಗಾದರೂ ಇದೆ. ನನ್ನ ಪ್ರಶ್ನೆಯಿರುವುದು ಆ ಬೆಲೆಯ ಬಗ್ಗೆ. ಅದು ಎಲ್ಲಿಂದ ಬಂತು? ಒಂದು ಲಾರಿ ಲೋಡ್ ಕೊಳ್ಳುವವನಿಗೆ ಹತ್ತು ಡಬ್ಬ ಕೊಳ್ಳುವವನಿಗಿಂತ ಕಡಿಮೆಗೆ ಸಿಗುವುದು ವ್ಯಾಪಾರದ ಧರ್ಮ, ಅದನ್ನು ನಾವು ತಂದೆಯವರ ಕಾಲದಿಂದ ಒಪ್ಪಿಕೊಂಡೇ ಬಂದಿದ್ದೇವೆ. ಆದರೆ ಕಂಪನಿ ಕೊಡುವ ರಿಯಾಯಿತಿಯೂ, ದೊಡ್ಡ ಖರೀದಿಯ ಲಾಭವೂ, ಬಾಡಿಗೆಯ ಉಳಿತಾಯವೂ ಕೂಡಿದ ಮೇಲೂ ಲೆಕ್ಕ ಸರಿಹೋಗದಷ್ಟು ಕೆಳಗಿಳಿದ ಬೆಲೆಯ ವ್ಯತ್ಯಾಸವನ್ನು ಯಾರೋ ತಮ್ಮ ಬಂಡವಾಳದಿಂದ ತುಂಬುತ್ತಿದ್ದಾರೆ ಎಂದೇ ಅರ್ಥ. ತಾವೇ 2024ರ ಆಗಸ್ಟ್‌ನಲ್ಲಿ ದೆಹಲಿಯ ಸಮಾರಂಭವೊಂದರಲ್ಲಿ, ಇಂಥ ದೊಡ್ಡ ಕಂಪನಿ ನೂರು ಕೋಟಿ ಡಾಲರ್ ಹೂಡುತ್ತೇನೆಂದಾಗ ನಾವು ಸಂಭ್ರಮಿಸುತ್ತೇವೆ, ಆದರೆ ಆ ಹಣ ಅದರ ನಷ್ಟ ತುಂಬುವುದಕ್ಕೆ ಬರುತ್ತಿರಬಹುದಲ್ಲವೇ ಎಂಬ ಅರ್ಥದ ಮಾತನ್ನಾಡಿದಿರಿ. ಅಂದು ನಮ್ಮ ಬೀದಿಯ ವ್ಯಾಪಾರಿಗಳು ಆ ಸುದ್ದಿಯನ್ನು ಒಬ್ಬರಿಂದೊಬ್ಬರಿಗೆ ಕಳಿಸಿ ಓದಿದ್ದರು. ಅಂಗಡಿಯವನ ಗಂಟಲಲ್ಲಿದ್ದ ಮಾತನ್ನು ಸಚಿವರೇ ಆಡಿದರಲ್ಲ ಎಂಬ ಸಮಾಧಾನ ಅದು. ಆ ಸಮಾಧಾನದ ಬಲದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಆನ್‌ಲೈನ್ ವ್ಯಾಪಾರ ನಿಲ್ಲಿಸಬೇಕೆಂದು ನಾನು ಕೇಳುತ್ತಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಯುವಕರು ಪುಸ್ತಕ ಮಾರುವ ಜಾಲತಾಣವಾಗಿ ಫ್ಲಿಪ್‌ಕಾರ್ಟ್ ಆರಂಭಿಸಿದಾಗ, ನಮ್ಮ ರಾಜ್ಯದ ನೆಲದಲ್ಲಿ ಇಂಥದ್ದೊಂದು ಹುಟ್ಟಿತಲ್ಲ ಎಂದು ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಹೊಸನಗರದ ಹಳ್ಳಿಯೊಂದರ ಹುಡುಗಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕವನ್ನು ಮನೆ ಬಾಗಿಲಿಗೆ ತರಿಸಿಕೊಳ್ಳುವುದು ಒಳ್ಳೆಯದೇ. ನಮ್ಮ ತಪ್ಪುಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಬಿಲ್ಲು ಕೇಳಿದರೆ ಮುಖ ಸಿಂಡರಿಸಿದ ಅಂಗಡಿಗಳಿದ್ದವು. ತಿಳಿಯದ ಗಿರಾಕಿಗೆ ಒಂದು ಬೆಲೆ, ತಿಳಿದವರಿಗೆ ಇನ್ನೊಂದು ಬೆಲೆ ಹೇಳಿದ್ದುಂಟು. "ಮಾರಿದ ಸಾಮಾನನ್ನು ವಾಪಸು ಪಡೆಯುವುದಿಲ್ಲ" ಎಂಬ ಬೋರ್ಡು ನಮ್ಮ ಅಂಗಡಿಯ ಗೋಡೆಯ ಮೇಲೂ ಇಪ್ಪತ್ತು ವರ್ಷ ನೇತಾಡಿತ್ತು. ಆನ್‌ಲೈನ್ ಬಂದ ಮೇಲೆಯೇ ನಾನು ಅದನ್ನು ಇಳಿಸಿದ್ದು. ಗ್ರಾಹಕನನ್ನು ಗೌರವಿಸುವುದನ್ನು ಆ ಪೈಪೋಟಿ ನಮಗೆ ಕಲಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ಪೈಪೋಟಿ ಅಂದರೆ ಇಬ್ಬರೂ ಒಂದೇ ತಕ್ಕಡಿಯಲ್ಲಿ ತೂಗಬೇಕು, ನಾನು ಕೇಳುವುದು ಅಷ್ಟನ್ನೇ.

ಆ ತಕ್ಕಡಿಯ ನಿಯಮವನ್ನು ತಮ್ಮ ಸಚಿವಾಲಯವೇ ಬರೆದಿದೆ. ವಿದೇಶಿ ಬಂಡವಾಳದ ಆನ್‌ಲೈನ್ ಕಂಪನಿ ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವ ಮಾರುಕಟ್ಟೆಯಾಗಿರಬಹುದು, ತಾನೇ ಸರಕು ಇಟ್ಟುಕೊಂಡು ಮಾರುವ ಅಂಗಡಿಯಾಗುವಂತಿಲ್ಲ ಎಂಬುದು ಅದರ ತಿರುಳು. 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರೆಸ್ ನೋಟ್ 3 ಎಂಬ ವಿದೇಶಿ ಬಂಡವಾಳ ನೀತಿಯ ಪ್ರಕಟಣೆಯಲ್ಲೇ, ಅಂಥ ಮಾರುಕಟ್ಟೆ ಕಂಪನಿಗಳು ಮಾರಾಟ ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಬಾರದೆಂದು ಹೇಳಲಾಗಿತ್ತು. 2018ರ ಡಿಸೆಂಬರ್ 26ರಂದು ಹೊರಡಿಸಿ 2019ರ ಫೆಬ್ರವರಿ 1ರಿಂದ ಜಾರಿಗೆ ತಂದ ಪ್ರೆಸ್ ನೋಟ್ 2 ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಮಾರುಕಟ್ಟೆ ಕಂಪನಿಯ ಪಾಲು ಬಂಡವಾಳ ಇರುವ ಸಂಸ್ಥೆ ಅದೇ ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. ಒಬ್ಬ ಮಾರಾಟಗಾರ ತನ್ನ ಖರೀದಿಯ ಶೇ. 25ಕ್ಕಿಂತ ಹೆಚ್ಚನ್ನು ಆ ಕಂಪನಿಯ ಬಳಗದಿಂದಲೇ ಮಾಡಿದರೆ ಅವನ ಸರಕು ಕಂಪನಿಯ ಹಿಡಿತದಲ್ಲಿದೆಯೆಂದೇ ಭಾವಿಸಲಾಗುವುದು; ಒಂದು ವಸ್ತುವನ್ನು ತನ್ನಲ್ಲಿ ಮಾತ್ರ ಮಾರಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ; ಬಳಗದ ಕಂಪನಿಗಳು ಕೊಡುವ ಕ್ಯಾಶ್‌ಬ್ಯಾಕ್ ಕೂಡ ನ್ಯಾಯವಾಗಿ, ತಾರತಮ್ಯವಿಲ್ಲದೆ ಇರಬೇಕು; ಇದನ್ನೆಲ್ಲ ಪಾಲಿಸಿದ್ದೇವೆಂದು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಲೆಕ್ಕ ಪರಿಶೋಧಕರ ವರದಿಯೊಂದಿಗೆ ರಿಸರ್ವ್ ಬ್ಯಾಂಕಿಗೆ ಪ್ರಮಾಣಪತ್ರ ಸಲ್ಲಿಸಬೇಕು. ಇದನ್ನು ಓದಿದ ಯಾವ ಅಂಗಡಿಯವನೂ ಇನ್ನೊಂದು ಕಾನೂನು ಬೇಕೆಂದು ಕೇಳಲಾರ. ಅಕ್ಷರದಲ್ಲಿ ಎಲ್ಲವೂ ಇದೆ. ಅಂಗಡಿಯ ಮೆಟ್ಟಿಲಿನವರೆಗೆ ಅದು ಇಳಿದು ಬಂದಿಲ್ಲ.

ಇನ್ನೊಂದು ಸಂಗತಿಯನ್ನೂ ತಮ್ಮ ಗಮನಕ್ಕೆ ತರಬೇಕು. 2012ರ ನೀತಿಯ ಪ್ರಕಾರ ವಿದೇಶಿ ಕಂಪನಿಯೊಂದು ಹಲವು ಬ್ರಾಂಡ್‌ಗಳ ಚಿಲ್ಲರೆ ಅಂಗಡಿಯನ್ನು ನಮ್ಮ ನಡುವೆ ಕಟ್ಟಡ ಕಟ್ಟಿ ತೆರೆಯಬೇಕಾದರೆ ಶೇ. 51ರ ಮಿತಿಯಿದೆ, ಕೇಂದ್ರದ ಅನುಮೋದನೆ ಬೇಕು, ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಅದೇ ಬಂಡವಾಳ, 'ಮಾರುಕಟ್ಟೆ' ಎಂಬ ಹೆಸರಿನಲ್ಲಿ ಮೊಬೈಲಿನೊಳಗಿನಿಂದ ಬಂದರೆ ಶೇ. 100ರವರೆಗೆ ಬಾಗಿಲು ತೆರೆದಿದೆ, ರಾಜ್ಯವನ್ನು ಕೇಳುವ ಪ್ರಮೇಯವೇ ಇಲ್ಲ. ಮಾರುಕಟ್ಟೆ ನಿಜವಾಗಿಯೂ ಮಾರುಕಟ್ಟೆಯಾಗಿಯೇ ಉಳಿಯುತ್ತದೆ ಎಂಬ ಒಂದೇ ಷರತ್ತಿನ ಮೇಲೆ ಈ ವ್ಯತ್ಯಾಸ ನಿಂತಿದೆ. ಆ ಷರತ್ತು ಸಡಿಲಾದರೆ ಉಳಿದದ್ದೆಲ್ಲ ಸಡಿಲಾದಂತೆಯೇ.

ಈಗ ಕಾಲದ ಲೆಕ್ಕ ನೋಡೋಣ. 2014ರ ಅಕ್ಟೋಬರ್ 6ರಂದು, ದೀಪಾವಳಿಗೆ ಎರಡೂವರೆ ವಾರವಿರುವಾಗ, ಮೊದಲ ಬಾರಿಗೆ ಫ್ಲಿಪ್‌ಕಾರ್ಟ್‌ನ ಆ ದೊಡ್ಡ ಒಂದು ದಿನದ ಆನ್‌ಲೈನ್ ಮಾರಾಟ ನಡೆಯಿತು. ದೇಶದ ವ್ಯಾಪಾರಿಗಳು ಆಗಲೇ ದೂರು ಕೊಟ್ಟರು, ಆಗ ವಾಣಿಜ್ಯ ಸಚಿವರಾಗಿದ್ದ ನಿರ್ಮಲಾ ಸೀತಾರಾಮನ್ ಅವರು ದೂರುಗಳನ್ನು ಪರಿಶೀಲಿಸುವುದಾಗಿ ಹೇಳಿದರು. ಅದೇ ವರ್ಷ ಕೆಲವು ಮೊಬೈಲ್ ಮಾಡೆಲ್‌ಗಳು ಆನ್‌ಲೈನ್‌ನಲ್ಲಿ ಮಾತ್ರ ಸಿಗುವ ಪದ್ಧತಿ ಆರಂಭವಾಯಿತು. ನೆಹರೂ ರಸ್ತೆಯಲ್ಲಿ ಮೊಬೈಲ್ ಅಂಗಡಿಯಿಟ್ಟಿದ್ದ ನನ್ನ ಸ್ನೇಹಿತರು, ಪತ್ರಿಕೆಯ ಮುಖಪುಟದ ಜಾಹೀರಾತಿನಲ್ಲಿರುವ ಫೋನು ತಮ್ಮಲ್ಲಿಲ್ಲವೆಂದು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಸೋತು, ಕೊನೆಗೆ ಫೋನಿನ ಗಾಜು ಮತ್ತು ಕವರು ಮಾರುವ ಅಂಗಡಿಯಾಗಿ ಉಳಿದರು. ದೆಹಲಿ ವ್ಯಾಪಾರ ಮಹಾಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿದ್ದು 2020ರ ಜನವರಿಯಲ್ಲಿ. ಮರು ತಿಂಗಳೇ ಕರ್ನಾಟಕ ಹೈಕೋರ್ಟಿನಲ್ಲಿ ಅದಕ್ಕೆ ತಡೆ ಬಂತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠವೂ ಜುಲೈನಲ್ಲಿ ವಿಭಾಗೀಯ ಪೀಠವೂ ಕಂಪನಿಗಳ ಅರ್ಜಿಗಳನ್ನು ತಳ್ಳಿಹಾಕಿದವು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ. 2024ರಲ್ಲಿ ತನಿಖಾ ವರದಿ ಸಿದ್ಧವಾಗಿ, ಕೆಲವೇ ಮಾರಾಟಗಾರರಿಗೆ ಆದ್ಯತೆ ಕೊಟ್ಟು ಸ್ಪರ್ಧಾ ಕಾನೂನು ಮುರಿಯಲಾಗಿದೆಯೆಂದು ಅದರಲ್ಲಿದೆ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಕಂಪನಿಗಳು ಆರೋಪಗಳನ್ನು ನಿರಾಕರಿಸುತ್ತ ಬಂದಿವೆ, ನಿರಾಕರಿಸುವ ಹಕ್ಕು ಅವರಿಗಿದೆ. ಬಳಿಕ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿ ಅರ್ಜಿಗಳು ಬಿದ್ದವು, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ಮತ್ತೆ ನಮ್ಮ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ನ್ಯಾಯಾಲಯದ ಮುಂದಿರುವ ವಿಚಾರದಲ್ಲಿ ಯಾರು ಸರಿ ಯಾರು ತಪ್ಪು ಎಂದು ಹೇಳಲು ನಾನು ಯಾರೂ ಅಲ್ಲ. ಆದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದು. ಒಂದು ಅಂಗಡಿ ಮೂರು ದೀಪಾವಳಿಗಳ ನಷ್ಟ ತಡೆದುಕೊಳ್ಳಬಹುದು, ನಾಲ್ಕನೆಯದಕ್ಕೆ ಬಾಡಿಗೆ ಕಟ್ಟಲು ಅದರ ಬಳಿ ಏನೂ ಇರುವುದಿಲ್ಲ.

ಅಸಲಿಗಿಂತ ಕಡಿಮೆಗೆ ಮಾರುವುದು ಕಾನೂನಿಗೆ ವಿರುದ್ಧವಲ್ಲವೇ ಎಂದು ವಕೀಲರಾದ ನೆಂಟರೊಬ್ಬರನ್ನು ಕೇಳಿದೆ. ಅವರು ತಿಳಿಸಿಕೊಟ್ಟಿದ್ದು ನನ್ನನ್ನು ಇಂದಿಗೂ ಕಾಡುತ್ತದೆ. 2002ರ ಸ್ಪರ್ಧಾ ಕಾಯಿದೆಯ 4ನೇ ಪ್ರಕರಣ ಪ್ರತಿಸ್ಪರ್ಧಿಯನ್ನು ಮುಗಿಸಲು ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದನ್ನು ತಡೆಯುತ್ತದೆ, ಆದರೆ ಹಾಗೆ ಮಾರುವವನು ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿದ್ದಾನೆಂದು ಮೊದಲು ಸಾಬೀತಾಗಬೇಕು. ಇಬ್ಬರು ದೈತ್ಯರು ಸೇರಿ ಪ್ರಬಲರು ಎಂಬ ವಾದಕ್ಕೆ ನಮ್ಮ ಕಾಯಿದೆಯಲ್ಲಿ ಜಾಗವಿಲ್ಲ, 2020ರ ಆದೇಶದಲ್ಲಿ ಆಯೋಗವೂ ಅದನ್ನು ಒಪ್ಪಲಿಲ್ಲ. ಎರಡು ಆನೆಗಳಿದ್ದರೆ ಒಂದನ್ನು ತೋರಿಸಿ ಇನ್ನೊಂದು ತಪ್ಪಿಸಿಕೊಳ್ಳಬಹುದು, ಕಾಲಡಿಯ ಗರಿಕೆಗೆ ಎರಡರ ಭಾರವೂ ಒಂದೇ. ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ಎಲ್ಲೆ ಗೊತ್ತುಮಾಡುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂದಾಗ ಈ ಕಂದಕ ಮುಚ್ಚಬಹುದೆಂಬ ಆಸೆ ಹುಟ್ಟಿತ್ತು. ಅದು ಕರಡಾಗಿಯೇ ಉಳಿದಿದೆ. 2019ರ ಫೆಬ್ರವರಿಯಲ್ಲಿ ತಮ್ಮ ಸಚಿವಾಲಯ ಪ್ರಕಟಿಸಿದ ರಾಷ್ಟ್ರೀಯ ಇ-ವಾಣಿಜ್ಯ ನೀತಿಯ ಕರಡೂ ಹಾಗೆಯೇ.

"ನೀವೂ ಆನ್‌ಲೈನಿಗೆ ಹೋಗಿ" ಎಂಬ ಸಲಹೆ ನಮಗೆ ಬಹಳ ಸಿಗುತ್ತದೆ. ಹೋಗಿ ನೋಡಿದ್ದೇನೆ. ಒಂದು ದೊಡ್ಡ ತಾಣದಲ್ಲಿ ಮಾರಾಟಗಾರನಾಗಿ ಹೆಸರು ನೋಂದಾಯಿಸಿ, ಸ್ಟೀಲಿನ ಇಡ್ಲಿ ಪಾತ್ರೆ ಮತ್ತು ಕಡಾಯಿಗಳ ಫೋಟೊ ಹಾಕಿದೆ. ಮಾರಿದ್ದಕ್ಕೆ ಕಮಿಷನ್, ಸಾಗಣೆಯ ಶುಲ್ಕ, ಪ್ಯಾಕಿಂಗ್, ಜಾಹೀರಾತಿಗೆ ಕೊಡದಿದ್ದರೆ ಹತ್ತನೆಯ ಪುಟದಲ್ಲಿ ಜಾಗ. ಒಂದು ಇಡ್ಲಿ ಪಾತ್ರೆ ಹದಿನೈದು ದಿನದ ಮೇಲೆ ವಾಪಸು ಬಂತು. ತಳ ಕಪ್ಪಾಗಿತ್ತು, ತಟ್ಟೆಯ ಗುಳಿಯಲ್ಲಿ ಹಿಟ್ಟು ಒಣಗಿ ಅಂಟಿಕೊಂಡಿತ್ತು. ಹೊಸದೆಂದು ಮಾರಲಾರೆ, ಬಳಸಿದ್ದೆಂದು ವಾದಿಸಿದರೆ ಕೇಳುವವರಿಲ್ಲ, ಹೋಗಿಬರುವ ಸಾಗಣೆಯ ವೆಚ್ಚವೂ ನನ್ನ ಲೆಕ್ಕಕ್ಕೇ ಬಿತ್ತು. ಎಂಟು ತಿಂಗಳಲ್ಲಿ ಅಲ್ಲಿಂದ ಹೊರಬಂದೆ. ಯಾವ ಆ್ಯಪಿನಿಂದ ಕೊಂಡರೂ ಬೇರೆ ಆ್ಯಪಿನ ಮಾರಾಟಗಾರನನ್ನೂ ತಲುಪಬಹುದಾದ, ಸರ್ಕಾರದ ಬೆಂಬಲದ ಒಎನ್‌ಡಿಸಿ ಜಾಲ 2022ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಐದು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ಆ ಯೋಚನೆ ನನಗೆ ಮನಃಪೂರ್ವಕವಾಗಿ ಹಿಡಿಸಿದೆ. ಆದರೆ ನನ್ನ ಅಂಗಡಿಗೆ ಬರುವ ನೂರು ಜನರಲ್ಲಿ ಅದರ ಹೆಸರು ಕೇಳಿದವರು ಇಬ್ಬರೂ ಸಿಗುವುದಿಲ್ಲ. ಅದನ್ನು ಜಿಲ್ಲಾ ಊರುಗಳ ಪೇಟೆಗಳಿಗೆ ತರುವ ಕೆಲಸ ಆಗಬೇಕು.

ಒಂದು ತಪ್ಪು ತಿಳಿವಳಿಕೆಯನ್ನು ನಮ್ಮವರೇ ಹರಡುತ್ತಿರುವುದರಿಂದ ಅದನ್ನೂ ಇಲ್ಲಿ ಸರಿಪಡಿಸುತ್ತೇನೆ. ಆನ್‌ಲೈನಿನಲ್ಲಿ ಕೊಂಡರೆ ತೆರಿಗೆಯೆಲ್ಲ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂಬ ಮಾತು ನಿಜವಲ್ಲ. ಜಿಎಸ್‌ಟಿ ಬಳಕೆಯಾಗುವ ಜಾಗದ ತೆರಿಗೆಯಾದ್ದರಿಂದ ಶಿವಮೊಗ್ಗದ ಮನೆಗೆ ಬಂದ ಮಿಕ್ಸರಿನ ತೆರಿಗೆಯಲ್ಲಿ ಕರ್ನಾಟಕದ ಪಾಲು ಕರ್ನಾಟಕಕ್ಕೇ ಸೇರುತ್ತದೆ. ಊರು ಕಳೆದುಕೊಳ್ಳುವುದು ಬೇರೆಯದನ್ನು. ಮಲೆನಾಡಿನ ಎಷ್ಟೋ ಮನೆಗಳಿಗೆ ಹಣ ಬರುವುದು ವರ್ಷಕ್ಕೊಮ್ಮೆ, ಅಡಿಕೆ ಮಂಡಿಗೆ ಹೋದ ಮೇಲೆ. ಆಷಾಢದಲ್ಲಿ ಮಗಳ ಬಾಣಂತನಕ್ಕೆ ಹಂಡೆ, ಪಾತ್ರೆ ಬೇಕೆಂದು ಬಂದವರಿಗೆ "ಅಡಿಕೆ ಮಾರಿದ ಮೇಲೆ ಕೊಡಿ" ಎಂದು ಕಳಿಸುವುದು ನಮ್ಮ ಅಂಗಡಿಯ ರೂಢಿ. ತಂದೆಯವರ ಕಾಲದಿಂದ ಇರುವ ಉದ್ರಿ ಪುಸ್ತಕಗಳಲ್ಲಿ ಬಡ್ಡಿಯ ಕಾಲಮ್ಮೇ ಇಲ್ಲ. ಮೊಬೈಲಿನಲ್ಲೂ ಕಂತು ಸಿಗುತ್ತದೆ ನಿಜ, ಆದರೆ ಆ ಕಂತಿಗೆ ಕಾರ್ಡೋ ಸಾಲದ ಒಪ್ಪಿಗೆಯೋ ಬೇಕು, ಪ್ರತಿ ತಿಂಗಳ ಐದನೇ ತಾರೀಖು ಬೇಕು. ಕೊಳೆರೋಗ ಬಂದು ಫಸಲು ಹೋದ ವರ್ಷ ಆ ತಾರೀಖು ಕಾಯುವುದಿಲ್ಲ. ನಾವು ಕಾದಿದ್ದೇವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬೆಯ ಜಾತ್ರೆಗೆ ವಂತಿಗೆ ಕೊಡುವವರೂ, ರಸ್ತೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಕುರ್ಚಿ ಹಾಕಿ ನೀರು ಕೊಡುವವರೂ ಇದೇ ಬೀದಿಯ ಅಂಗಡಿಯವರು.

ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಹಾಕುತ್ತಿದ್ದ ಹುಡುಗನ ಮಾತನ್ನೂ ಹೇಳಬೇಕು. ಕೈಯಲ್ಲಿ ಮೆಷಿನ್ನು ಹಿಡಿದು, ತುದಿಯ ಸೂಜಿ ಗುರ್ ಎನ್ನುತ್ತಿರುವಾಗ, ಉಸಿರು ಬಿಗಿಹಿಡಿದು ದುಂಡನೆಯ ಕನ್ನಡ ಅಕ್ಷರಗಳನ್ನು ಚುಕ್ಕೆ ಚುಕ್ಕೆಯಾಗಿ ಮೂಡಿಸುತ್ತಿದ್ದ. ಒತ್ತಕ್ಷರ ಎಂದೂ ತಪ್ಪುತ್ತಿರಲಿಲ್ಲ. ಮೂರು ವರ್ಷದ ಹಿಂದೆ ವ್ಯಾಪಾರ ಇಳಿದಾಗ ಅವನ ಸಂಬಳ ಏರಿಸಲು ನನ್ನಿಂದಾಗಲಿಲ್ಲ, ಅವನು ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿದ. ಈಗ ದೊಡ್ಡ ಚೀಲ ಬೆನ್ನಿಗೆ ಹಾಕಿಕೊಂಡು ಇದೇ ಬೀದಿಯಲ್ಲಿ ಓಡಾಡುತ್ತಾನೆ, ಮಳೆಗಾಲದಲ್ಲಿ ನಮ್ಮ ಅಂಗಡಿಯ ಜಗಲಿಯ ಮೇಲೆ ನಿಂತು ಚೀಲ ಒರೆಸಿಕೊಳ್ಳುತ್ತಾನೆ. ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿರುವುದು ನನಗೆ ಸಂತೋಷ ತಂದಿದೆ. ಅವನ ಕೈಯ ಕೆಲಸಕ್ಕೆ ಬೇರೆ ಹುಡುಗ ಸಿಕ್ಕಿಲ್ಲ. ಈಗ ಹೆಸರು ಹಾಕುವವನು ನಾನೇ. ನನ್ನ ಅಕ್ಷರ ಅವನಷ್ಟು ದುಂಡಗಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಪ್ರೆಸ್ ನೋಟ್ 2ರ ಪ್ರಕಾರ ವರ್ಷವರ್ಷವೂ ಸಲ್ಲಿಕೆಯಾಗುವ ಆ ಪ್ರಮಾಣಪತ್ರಗಳನ್ನು ಸಾರ್ವಜನಿಕರು ಓದುವಂತೆ ಪ್ರಕಟಿಸಿ, ಯಾವ ತಾಣದಲ್ಲಿ ಎಷ್ಟು ಪಾಲು ಮಾರಾಟ ಎಷ್ಟು ಜನ ಮಾರಾಟಗಾರರಿಂದ ನಡೆಯುತ್ತಿದೆ ಎಂಬುದು ಗೊತ್ತಾಗಲಿ. ಒಂದು ವಸ್ತುವಿಗೆ ರಿಯಾಯಿತಿ ಕೊಟ್ಟಾಗ ಆ ರಿಯಾಯಿತಿಯ ಹಣ ತಯಾರಕರದೋ, ಮಾರಾಟಗಾರನದೋ, ತಾಣದ್ದೋ ಎಂಬುದನ್ನು ಬೆಲೆಯ ಕೆಳಗೇ ತೋರಿಸುವಂತೆ ಕಡ್ಡಾಯ ಮಾಡಿ. ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಮುದ್ರಿಸಬೇಕೆಂದು ತಯಾರಕರಿಗೆ ಹೇಳಲು ಸಾಧ್ಯವಾದ ದೇಶದಲ್ಲಿ ಇದು ಅಸಾಧ್ಯವಲ್ಲ. ಅಸಲಿಗಿಂತ ಕಡಿಮೆಗೆ ಮಾರಿ ಪ್ರತಿಸ್ಪರ್ಧಿಯನ್ನು ಹೊರದೂಡುವುದನ್ನು ತಡೆಯುವ ನಿಯಮ ವಿದೇಶಿ ಬಂಡವಾಳಕ್ಕೂ ಸ್ವದೇಶಿ ಬಂಡವಾಳಕ್ಕೂ ಒಂದೇ ಆಗಿರಲಿ. ಕೆಲವೇ ನಿಮಿಷಗಳಲ್ಲಿ ದಿನಸಿ ತಲುಪಿಸುವ ಕಂಪನಿಗಳು ಬೆಂಗಳೂರಿನ ಕಿರಾಣಿ ಅಂಗಡಿಗಳಿಗೆ ಮಾಡುತ್ತಿರುವುದು ನಾಳೆ ನಮ್ಮ ದುರ್ಗಿಗುಡಿಯ ಕಿರಾಣಿ ಅಂಗಡಿಗೂ ಬರಲಿದೆ, ಅವುಗಳಲ್ಲಿ ಎಲ್ಲವೂ ವಿದೇಶದವಲ್ಲ. ಜೊತೆಗೆ ತಯಾರಕ ಕಂಪನಿಗಳನ್ನು ಕರೆಸಿ, ಒಂದೇ ಮಾಡೆಲನ್ನು ಒಂದೇ ಪ್ರಮಾಣದಲ್ಲಿ ಕೊಳ್ಳುವ ಆನ್‌ಲೈನ್ ಮಾರಾಟಗಾರನಿಗೆ ಒಂದು ದರ, ಊರಿನ ಡಿಸ್ಟ್ರಿಬ್ಯೂಟರಿಗೆ ಇನ್ನೊಂದು ದರ ಏಕೆ ಎಂದು ಕೇಳಿ.

ಈ ಮಾತುಗಳಿಗೆ ಪುರಾವೆ ಬೇಕೆನಿಸಿದರೆ, ತಾವು ನೇಮಿಸುವ ಯಾವ ಅಧಿಕಾರಿಯ ಮುಂದೆಯಾದರೂ ಕಳೆದ ಐದು ವರ್ಷಗಳ ನನ್ನ ಖರೀದಿ ಬಿಲ್ಲುಗಳನ್ನು, ಅದೇ ದಿನಗಳಲ್ಲಿ ಗ್ರಾಹಕರು ತೋರಿಸಿದ ಆನ್‌ಲೈನ್ ಬೆಲೆಗಳನ್ನು ನಾನು ಎದುರು ಪುಟದಲ್ಲಿ ಬರೆದಿಟ್ಟ ಪುಸ್ತಕದೊಂದಿಗೆ ತಂದು ತೋರಿಸಲು ಸಿದ್ಧನಿದ್ದೇನೆ. ಮಿಕ್ಸರ್, ಕುಕ್ಕರ್, ಸ್ಟೋವ್‌ಗಳ ಲೆಕ್ಕ ಅದರಲ್ಲಿ ತಾರೀಖಿನ ಸಮೇತ ಇದೆ. ಬೆಂಗಳೂರಾದರೂ ಸರಿ, ದೆಹಲಿಯಾದರೂ ಸರಿ, ಬರುವ ಖರ್ಚು ನನ್ನದೇ. ಮಂಗಳವಾರ ನಮ್ಮ ಅಂಗಡಿಗೆ ರಜೆ. ಆದರೆ ತಾವು ಕರೆದರೆ ಯಾವ ವಾರವಾದರೂ ಬಾಗಿಲು ಹಾಕಿ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗಾಂಧಿ ಬಜಾರಿನ ಒಬ್ಬ ಪಾತ್ರೆ ವ್ಯಾಪಾರಿ
ಶಿವಮೊಗ್ಗ